ಗಿಟಾರಿಗೆ ಪ್ಯಾಡಿಂಗ್ ಇರುವ ಬ್ಯಾಗ್ ಕೊಳ್ಳುವ ಮುಂಚೆ: ಪದೇ ಪದೇ ಕೇಳುವ ಪ್ರಶ್ನೆಗಳು

ಗಿಟಾರ್ ಕೊಳ್ಳಲು ತಿಂಗಳುಗಟ್ಟಲೆ ಯೋಚಿಸುವವರು ಬ್ಯಾಗನ್ನು ಐದು ನಿಮಿಷದಲ್ಲಿ ಆರಿಸುತ್ತಾರೆ. ಆಮೇಲೆ ಏನಾದರೂ ಎಡವಟ್ಟಾದಾಗ ಪ್ರಶ್ನೆ ಶುರು. ಹಾಗೆ ನನ್ನ ಹತ್ತಿರ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ಕೆಡಿಸುವಂಥದ್ದು ಕೊನೆಗೆ.

## ಈಗಷ್ಟೇ ಗಿಟಾರ್ ಕೊಂಡವರಿಗೆ

ಗಿಟಾರ್ ಜೊತೆಗೇ ಒಂದು ಬ್ಯಾಗ್ ಫ್ರೀ ಬಂದಿದೆ. ಅದೇ ಸಾಕಲ್ವಾ?

ಬ್ಯಾಗಿನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಒತ್ತಿ ನೋಡಿ. ಬೆರಳುಗಳು ಒಂದಕ್ಕೊಂದು ಸಲೀಸಾಗಿ ತಾಗಿದರೆ ಅದು ಬ್ಯಾಗಲ್ಲ, ಗವಸು. ದೂಳು ತಡೆಯುತ್ತದೆ, ಸಣ್ಣ ಗೀರು ತಡೆಯುತ್ತದೆ, ಅಷ್ಟೇ. ಗಿಟಾರ್ ಮನೆ ಬಿಟ್ಟು ಹೊರಗೆ ಹೋಗುವುದೇ ಇಲ್ಲ ಅಂದರೆ ಅದು ಸಾಕು. ವಾರಕ್ಕೊಂದು ಸಲ ಕ್ಲಾಸಿಗೆ ಹೊತ್ತು ಹೋಗುತ್ತೀರಿ ಅಂದರೆ ಸಾಲದು.

ಹಾರ್ಡ್ ಕೇಸ್ ತಗೊಳ್ಳೋದಾ, ಪ್ಯಾಡೆಡ್ ಬ್ಯಾಗ್ ತಗೊಳ್ಳೋದಾ?

ಗಿಟಾರ್ ಮೇಲೆ ಭಾರ ಬೀಳುವ ಕಡೆ ಹಾರ್ಡ್ ಕೇಸ್ ಬೇಕು. ಲಾರಿಯಲ್ಲಿ ಸಾಮಾನಿನ ಜೊತೆ ಹೋಗುತ್ತದೆ, ಯಾರೋ ಅದರ ಮೇಲೆ ಇನ್ನೊಂದು ಪೆಟ್ಟಿಗೆ ಇಡುತ್ತಾರೆ ಅನ್ನುವಂಥ ಜಾಗ. ಎಷ್ಟೇ ದಪ್ಪ ಬ್ಯಾಗ್ ಆದರೂ ಅದುಮುವ ಭಾರವನ್ನು ತಡೆಯುವುದಿಲ್ಲ. ಬ್ಯಾಗ್ ತಡೆಯುವುದು ತಾಗಿದ ಪೆಟ್ಟನ್ನು.

ಗಿಟಾರನ್ನು ನೀವೇ ಹೊತ್ತು ನಡೆಯುವವರಾದರೆ ಬ್ಯಾಗೇ ಸರಿ. ಮರದ ಹಾರ್ಡ್ ಕೇಸ್ ಖಾಲಿ ಇದ್ದಾಗಲೇ 4–5 ಕೆ.ಜಿ. ತೂಗುತ್ತದೆ, ಅದೂ ಒಂದೇ ಕೈಯಲ್ಲಿ. ಒಳ್ಳೆಯ ಬ್ಯಾಗ್ 2–3 ಕೆ.ಜಿ., ಅದೂ ಬೆನ್ನ ಮೇಲೆ. ಭಾರ ಅಂತ ಮನೆಯಲ್ಲೇ ಬಿಟ್ಟು ಹೋಗುವ ಕೇಸಿನಿಂದ ಗಿಟಾರಿಗೆ ಯಾವ ರಕ್ಷಣೆಯೂ ಇಲ್ಲ.

'41 ಇಂಚು' ಅಂತ ಬರೆದಿರೋ ಬ್ಯಾಗ್ ತಗೊಂಡ್ರೆ ನನ್ನ 41 ಇಂಚಿನ ಗಿಟಾರಿಗೆ ಸರಿಹೋಗುತ್ತಾ?

ಹೋಗಬಹುದು, ಹೋಗದೆಯೂ ಇರಬಹುದು. ಆ 41 ಬರೀ ಉದ್ದ. ಎರಡು ಗಿಟಾರುಗಳ ಉದ್ದ ಒಂದೇ ಇದ್ದು ಹೊಟ್ಟೆ ಬೇರೆ ಬೇರೆ ಇರಬಹುದು. ಆದ್ದರಿಂದ ಟೇಪ್ ಹಿಡಿದು ನಾಲ್ಕು ಅಳತೆ ತೆಗೆದುಕೊಳ್ಳಿ: ತುದಿಯಿಂದ ತುದಿಗೆ ಉದ್ದ, ಕೆಳಗಿನ ಅಗಲ, ಮೇಲಿನ ಅಗಲ, ಮೈಯ ಆಳ. ಆಳವನ್ನು ಸ್ಟ್ರಾಪ್ ಪಿನ್ (ಹೆಗಲ ಪಟ್ಟಿ ಸಿಕ್ಕಿಸುವ ಬುಡದ ಗುಂಡಿ) ಇರುವ ಕಡೆಯಿಂದ ಅಳೆಯಿರಿ. ಅಕೌಸ್ಟಿಕ್ ಗಿಟಾರಿನ ಮೈ ಅಲ್ಲೇ ಜಾಸ್ತಿ ದಪ್ಪ, ಕತ್ತಿನ ಕಡೆಗೆ ತೆಳುವಾಗುತ್ತದೆ.

ಒಂದು ಅಂದಾಜಿಗೆ: ಡ್ರೆಡ್‌ನಾಟ್ (ದೊಡ್ಡ ಹೊಟ್ಟೆಯ ಅಕೌಸ್ಟಿಕ್) ಗಿಟಾರಿನ ಕೆಳಗಿನ ಅಗಲ ಸುಮಾರು 40 ಸೆಂ.ಮೀ., ಆಳ 12 ಸೆಂ.ಮೀ. ಚಿಲ್ಲರೆ. ನೈಲಾನ್ ತಂತಿಯ ಕ್ಲಾಸಿಕಲ್ ಆದರೆ 37 ಮತ್ತು 10. ಇನ್ನೂ ದೊಡ್ಡ ಮೈಯ ಜಂಬೋ ಅಗಲದಲ್ಲಿ 43ರವರೆಗೆ ಹೋಗುತ್ತದೆ. ಸ್ಟ್ರಾಟೊಕಾಸ್ಟರ್ ಥರದ ಎಲೆಕ್ಟ್ರಿಕ್ ಗಿಟಾರಿನ ಅಗಲ 32 ಸೆಂ.ಮೀ. ಆಸುಪಾಸು, ಮೈ ದಪ್ಪ ಬರೀ ನಾಲ್ಕೂವರೆ.

ಬ್ಯಾಗಿನ ವಿವರದಲ್ಲಿ 'ಒಳ ಅಳತೆ' ಅಂತ ಇದೆಯೇ ನೋಡಿ. ಹೊರ ಅಳತೆ ಕೊಟ್ಟಿದ್ದರೆ ಎರಡೂ ಬದಿಯ ಫೋಮ್ ದಪ್ಪವನ್ನು ಕಳೆಯಿರಿ. 20 ಮಿ.ಮೀ. ಫೋಮ್ ಅಂದರೆ ಅಗಲದಲ್ಲೇ 4 ಸೆಂ.ಮೀ. ಹೋಯಿತು.

ಮಗಳಿಗೆ ಚಿಕ್ಕ ಗಿಟಾರ್ ಕೊಡಿಸಿದೀವಿ. ಹೇಗೂ ಮುಂದೆ ದೊಡ್ಡದು ಬೇಕಾಗುತ್ತೆ, ಈಗಲೇ ದೊಡ್ಡ ಬ್ಯಾಗ್ ತಗೊಂಡ್ರೆ ಆಗಲ್ವಾ?

ಶಾಲೆಯ ಯೂನಿಫಾರ್ಮ್ ಹೊಲಿಸುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ದೊಡ್ಡ ಬ್ಯಾಗಿನಲ್ಲಿ ಚಿಕ್ಕ ಗಿಟಾರ್ ಹೆಜ್ಜೆ ಹೆಜ್ಜೆಗೂ ಅತ್ತಿತ್ತ ಓಡಾಡುತ್ತದೆ. ಹೊರಗಿನ ಪೆಟ್ಟು ಹಾಗಿರಲಿ, ಒಳಗೇ ಪೆಟ್ಟು ತಿನ್ನುತ್ತದೆ. ಮಗುವಿಗೂ ಬ್ಯಾಗ್ ಮೊಣಕಾಲಿಗೆ ಬಡಿಯುತ್ತದೆ. ಈಗಿನ ಅಳತೆಗೆ ಸಾಧಾರಣ ಬ್ಯಾಗ್ ಸಾಕು. ಒಳ್ಳೆಯದನ್ನು ದೊಡ್ಡ ಗಿಟಾರ್ ಬಂದಾಗ ಕೊಳ್ಳಿ.

ಅಕೌಸ್ಟಿಕ್ ಗಿಟಾರ್ ಕ್ಲಾಸಿಕಲ್ ಬ್ಯಾಗಿಗೆ ಹಿಡಿಸುತ್ತಾ?

ಡ್ರೆಡ್‌ನಾಟ್ ಆದರೆ ಇಲ್ಲ. ಹಿಡಿಸಿದಂತೆ ಕಂಡರೂ ಜಿಪ್ ಮೇಲೆ ಎಳೆತ ಬೀಳುತ್ತದೆ, ಕೆಲವೇ ತಿಂಗಳಲ್ಲಿ ಬಾಯಿ ಬಿಡುತ್ತದೆ.

## ಬ್ಯಾಗಿನ ಒಳಗೂ ಹೊರಗೂ

ಎಷ್ಟು ಮಿಲಿಮೀಟರ್ ಫೋಮ್ ಇದ್ರೆ ಒಳ್ಳೇದು?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಸಂಖ್ಯೆಯೇ ಬೇಕು ಅಂದರೆ: 5 ಮಿ.ಮೀ. ಇದ್ದರೆ ಮನೆಯ ಮಟ್ಟಿಗೆ, 10 ಇದ್ದರೆ ಕಾರಿನಲ್ಲಿ ಜೋಪಾನವಾಗಿ ಒಯ್ಯುವವರಿಗೆ, 15ರಿಂದ 20 ಇದ್ದರೆ ದಿನಾ ಹೊತ್ತು ತಿರುಗುವವರಿಗೆ. 25 ದಾಟಿದ್ದೂ ಸಿಗುತ್ತವೆ.

ಆದರೆ ಬರೀ ದಪ್ಪ ನೋಡಿ ಮೋಸ ಹೋಗಬೇಡಿ. ಪಾತ್ರೆ ತೊಳೆಯುವ ಸ್ಪಂಜನ್ನು ಒತ್ತಿದ್ದೀರಲ್ಲ? ಹೆಬ್ಬೆರಳು ನೇರ ತಳಕ್ಕೆ ಹೋಗುತ್ತದೆ. ಅಂಥ ಫೋಮ್ 20 ಮಿ.ಮೀ. ಇದ್ದರೂ ಪೆಟ್ಟು ಬಿದ್ದ ಕ್ಷಣದಲ್ಲಿ ಚಪ್ಪಟೆಯಾಗಿ, ಉಳಿದ ಪೆಟ್ಟನ್ನು ಹಾಗೇ ಗಿಟಾರಿಗೆ ದಾಟಿಸುತ್ತದೆ. ಯೋಗ ಮ್ಯಾಟ್ ನೆನಪಿಸಿಕೊಳ್ಳಿ. ತೆಳುವಾಗಿದ್ದರೂ ಬೆರಳಿಗೆ ಎದುರು ಒತ್ತುತ್ತದೆ. ಅದರ ಒಳಗಿನ ಗುಳ್ಳೆಗಳು ಮುಚ್ಚಿರುತ್ತವೆ, ಗಾಳಿ ಹೊರಗೆ ಓಡುವುದಿಲ್ಲ. ಬ್ಯಾಗಿಗೆ ಬೇಕಾದದ್ದು ಈ ಜಾತಿಯ ಫೋಮ್. ಇನ್ನೂ ಚೆನ್ನಾದ ಬ್ಯಾಗುಗಳಲ್ಲಿ ಎರಡೂ ಇರುತ್ತವೆ, ಹೊರಗೆ ಗಟ್ಟಿಯದು, ಒಳಗೆ ಮೆತ್ತನೆಯದು.

ಅಂಗಡಿಯಲ್ಲಿ ಹೆಬ್ಬೆರಳು ಒತ್ತಿ ಮೂರು ಎಣಿಸಿ, ತೆಗೆಯಿರಿ. ಗುಂಡಿ ತಕ್ಷಣ ತುಂಬಿಕೊಂಡರೆ ಒಳ್ಳೆಯದು. ಬೆರಳಿಗೆ ಆಚೆ ಬದಿ ಸಿಕ್ಕಿಬಿಟ್ಟರೆ ಬೇರೆ ಬ್ಯಾಗ್ ನೋಡಿ.

ಕತ್ತಿಗೆ ಆಸರೆ ಇರೋ ಬ್ಯಾಗೇ ತಗೋ ಅಂತಾರೆ. ಅದಷ್ಟು ಮುಖ್ಯನಾ?

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯ. ಫೋಮಿಗಿಂತಲೂ.

ನನ್ನ ಮೊದಲ ಗಿಟಾರ್ ಮುರಿದದ್ದು ಬ್ಯಾಗಿನೊಳಗೇ. ಕುರ್ಚಿಗೆ ಒರಗಿಸಿ ನಿಲ್ಲಿಸಿದ್ದೆ, ಜಾರಿ ಬೆನ್ನಡಿಯಾಗಿ ನೆಲಕ್ಕೆ ಬಿತ್ತು. ಯಾರೂ ತಳ್ಳಿರಲಿಲ್ಲ. ಸದ್ದು ಕೂಡ ಜೋರಾಗಿ ಬರಲಿಲ್ಲ, ಒಣ ಕಡ್ಡಿ ಮುರಿದ ಹಾಗೆ ಒಂದು 'ಟಕ್'. ಜಿಪ್ ತೆಗೆದರೆ ಮೈಮೇಲೆ ಒಂದು ಗೀರೂ ಇಲ್ಲ. ಹೆಡ್‌ಸ್ಟಾಕ್, ಅಂದರೆ ಕತ್ತಿನ ತುದಿಯ ತಲೆಭಾಗ, ಮಾತ್ರ ಆರು ತಂತಿಗಳಿಗೆ ಜೋತುಬಿದ್ದಿತ್ತು.

ಆಗುವುದು ಹೀಗೆ. ಹೆಡ್‌ಸ್ಟಾಕಿನ ಮೇಲೆ ತಂತಿ ಬಿಗಿ ಮಾಡುವ ಆರು ಲೋಹದ ಟ್ಯೂನರ್‌ಗಳ ತೂಕ ಇದೆ. ಬಿದ್ದಾಗ ಮೈ ನೆಲಕ್ಕೆ ತಾಗಿ ನಿಲ್ಲುತ್ತದೆ, ಆದರೆ ಹೆಡ್‌ಸ್ಟಾಕ್ ನಿಲ್ಲದೆ ಹಿಂದಕ್ಕೆ ಹೋಗಲು ನೋಡುತ್ತದೆ. ತಂತಿಗಳು ಮುಂದಕ್ಕೆ ಎಳೆಯುತ್ತಿರುತ್ತವೆ. ಉಕ್ಕಿನ ಲೈಟ್ ತಂತಿಗಳ ಒಟ್ಟು ಎಳೆತ ಸುಮಾರು 70 ಕೆ.ಜಿ., ಅಂದರೆ ದೊಡ್ಡವರೊಬ್ಬರು ಜೋತುಬಿದ್ದಷ್ಟು. ಈ ಎರಡರ ನಡುವೆ ಸಿಕ್ಕಿಕೊಳ್ಳುವುದು ಕತ್ತಿನಲ್ಲೇ ತೀರಾ ತೆಳುವಾದ ಜಾಗ. ಹೆಡ್‌ಸ್ಟಾಕ್ ತುದಿಯೇ ಮೊದಲು ನೆಲಕ್ಕೆ ತಾಗಿದರಂತೂ ಕೇಳುವುದೇ ಬೇಡ.

ಆದ್ದರಿಂದ ಬ್ಯಾಗಿನ ಒಳಗೆ ಕತ್ತಿನ ಕೆಳಗೆ ಒಂದು ದಿಂಬು ಬೇಕು, ಬರೀ ಬಟ್ಟೆ ಸುತ್ತಿದ ಫೋಮಲ್ಲ, ಗಟ್ಟಿಯದು. ಅದು ಕತ್ತನ್ನು ಎತ್ತಿ ಹಿಡಿದಾಗ ಹೆಡ್‌ಸ್ಟಾಕಿನ ಹಿಂಬದಿ ಬ್ಯಾಗಿಗೆ ತಾಗದೆ ಗಾಳಿಯಲ್ಲಿ ನಿಲ್ಲಬೇಕು. ಬೆರಳು ತೂರಿಸಿ ನೋಡಿ. ಮೇಲಿನಿಂದ ವೆಲ್ಕ್ರೋ ಪಟ್ಟಿ ಇದ್ದರೆ ಕತ್ತು ಎಗರುವುದಿಲ್ಲ. ಆ ಪಟ್ಟಿಯನ್ನು ಪ್ರತಿ ಸಲ ಕಟ್ಟಿ. ಇರುವ ಪಟ್ಟಿಯನ್ನು ಕಟ್ಟದೆ ಜಿಪ್ ಎಳೆಯುವವರೇ ಜಾಸ್ತಿ.

ಕೆಳಗಡೆ, ಸ್ಟ್ರಾಪ್ ಪಿನ್ ಇರೋ ಕಡೆ ಬ್ಯಾಗ್ ತೂತಾಗ್ತಿದೆ. ಯಾಕೆ?

ಗಿಟಾರಿನ ಇಡೀ ತೂಕ ಆ ಒಂದು ಪಿನ್ನಿನ ಮೇಲೆ ನಿಲ್ಲುತ್ತದೆ. ಬ್ಯಾಗನ್ನು ಧಡ್ ಅಂತ ನೆಲಕ್ಕೆ ಇಟ್ಟಾಗೆಲ್ಲ ಪಿನ್ ಫೋಮನ್ನು ಕೊರೆಯುತ್ತದೆ. ಒಂದು ದಿನ ಪೆಟ್ಟು ಪಿನ್ನಿನ ಮೂಲಕ ಮರಕ್ಕೇ ಹೋಗಿ, ಬುಡದ ಒಳಗಿನ ಮರದ ಕಟ್ಟೆ ಸೀಳಬಹುದು. ಪಿಕಪ್ (ಸದ್ದನ್ನು ಸ್ಪೀಕರಿಗೆ ಕಳಿಸುವ ಸಾಧನ) ಇರುವ ಗಿಟಾರಿಗೆ ಅಪಾಯ ಇನ್ನೂ ಜಾಸ್ತಿ, ಅಲ್ಲಿ ಅನೇಕ ಸಲ ಪಿನ್ನೇ ಕೇಬಲ್ ಸಿಕ್ಕಿಸುವ ಜ್ಯಾಕ್. ತಳದಲ್ಲಿ ಗಟ್ಟಿ ರಬ್ಬರ್ ಇರುವ, ಒಳಗೆ ಪಿನ್ನಿಗೆ ಜಾಗ ಬಿಟ್ಟಿರುವ ಬ್ಯಾಗ್ ಹುಡುಕಿ. ಈಗಿರುವ ಬ್ಯಾಗಿಗೆ ತಾತ್ಕಾಲಿಕ ಉಪಾಯ: ಹಳೇ ರಬ್ಬರ್ ಚಪ್ಪಲಿಯ ತುಂಡಿಗೆ ನಡುವೆ ತೂತು ಕೊರೆದು ಪಿನ್ ಕೂರುವ ಕಡೆ ಇಡಿ. ಚೆಂದ ಕಾಣುವುದಿಲ್ಲ, ಕೆಲಸ ಮಾಡುತ್ತದೆ.

600ಡಿ, 1680ಡಿ ಅಂತ ಬರೆದಿರ್ತಾರಲ್ಲ, ಏನದು?

ಡೆನಿಯರ್ ಅನ್ನುವ ಅಳತೆ. 9,000 ಮೀಟರ್ ಉದ್ದದ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. 600ಡಿ ಅಂದರೆ ಸಾಮಾನ್ಯ ಶಾಲಾ ಬ್ಯಾಗಿನ ಬಟ್ಟೆ. 1680ಡಿ ಅಂದರೆ ದಪ್ಪ ನೂಲಿನ, ಉಜ್ಜಿದರೂ ಬೇಗ ಸವೆಯದ ಬಟ್ಟೆ. ಇದು ಬ್ಯಾಗಿನ ಬಾಳಿಕೆಯ ಲೆಕ್ಕ, ಗಿಟಾರಿನ ರಕ್ಷಣೆಗೂ ಇದಕ್ಕೂ ಹೆಚ್ಚು ಸಂಬಂಧ ಇಲ್ಲ. ಕೆಟ್ಟ ಫೋಮಿನ ಮೇಲೆ 1680ಡಿ ಹೊದಿಸಿದರೆ ಹತ್ತು ವರ್ಷ ಬಾಳುವ ಕೆಟ್ಟ ಬ್ಯಾಗ್ ಸಿಗುತ್ತದೆ.

ಜಿಪ್ ಬಗ್ಗೆ ಏನು ನೋಡಬೇಕು?

ಬ್ಯಾಗ್ ಸಾಯುವುದು ಜಿಪ್ಪಿನಿಂದಲೇ. ಬಟ್ಟೆ ಹರಿದು ಮೂಲೆ ಸೇರಿದ ಬ್ಯಾಗ್ ಕಡಿಮೆ.

ಜಿಪ್ಪಿಗೂ ನಂಬರ್ ಇದೆ. ಮುಚ್ಚಿದಾಗ ಹಲ್ಲುಗಳ ಅಗಲ ಸುಮಾರು ಎಷ್ಟು ಮಿ.ಮೀ. ಅನ್ನುವುದೇ ಆ ನಂಬರ್. ರನ್ನರಿನ ಹಿಂಬದಿಯಲ್ಲಿ ಅನೇಕ ಸಲ ಅಚ್ಚೊತ್ತಿರುತ್ತದೆ. ಮುಖ್ಯ ಜಿಪ್ 8 ಅಥವಾ 10 ಇರಲಿ. 5 ಇದ್ದರೆ ಅದು ಪಾಕೆಟ್ಟಿಗೆ ಸರಿ. ಸುರುಳಿ ಹಲ್ಲಿನ ನೈಲಾನ್ ಜಿಪ್ ಒಳ್ಳೆಯದು, ತಿರುವಿನಲ್ಲಿ ಚೆನ್ನಾಗಿ ಬಾಗುತ್ತದೆ, ನಡುವೆ ಬಾಯಿ ಬಿಟ್ಟರೂ ರನ್ನರನ್ನು ಹಿಂದೆ ಎಳೆದು ಮುಂದೆ ತಂದರೆ ಮತ್ತೆ ಕೂಡಿಕೊಳ್ಳುತ್ತದೆ. ಲೋಹದ ಹಲ್ಲು ಒಂದು ಕಳಚಿದರೆ ಮುಗಿಯಿತು, ಜೊತೆಗೆ ಗಿಟಾರಿನ ಬದಿಗೂ ಗೀರು. ಜಿಪ್ಪಿನ ಒಳಬದಿಯಲ್ಲಿ ಒಂದು ಬಟ್ಟೆ ಪಟ್ಟಿ ಇದೆಯೇ ನೋಡಿ, ಅದಿರುವುದು ಈ ಗೀರು ತಪ್ಪಿಸಲಿಕ್ಕೆ.

ರನ್ನರ್ ಎರಡಿರಬೇಕು. ಬ್ಯಾಗ್ ಮುಚ್ಚಿದಾಗ ಎರಡನ್ನೂ ಬದಿಗೆ ತಂದು ನಿಲ್ಲಿಸಿ, ನೆತ್ತಿಯ ಮೇಲಲ್ಲ. ನೆತ್ತಿಯಲ್ಲಿ ನಿಲ್ಲಿಸಿದರೆ ನಡೆಯುತ್ತಾ ನಡೆಯುತ್ತಾ ಎರಡೂ ಕೆಳಗೆ ಜಾರಿ ಕತ್ತು ಹೊರಗೆ ಇಣುಕುತ್ತದೆ.

ಪಾಕೆಟ್ ಜಾಸ್ತಿ ಇದ್ದಷ್ಟೂ ಒಳ್ಳೇದಲ್ವಾ?

ಪಾಕೆಟ್ ಇದ್ದರೆ ತುಂಬುತ್ತೇವೆ, ಅದೇ ತೊಂದರೆ. ಮುಂದಿನ ದೊಡ್ಡ ಪಾಕೆಟ್ ನೇರ ಬ್ರಿಡ್ಜಿನ (ಮೈಮೇಲೆ ತಂತಿಗಳ ಬುಡ ಕೂರುವ ಪಟ್ಟಿ) ಮೇಲೆ ಕೂರುತ್ತದೆ. ಅಲ್ಲಿ ಪುಸ್ತಕ, ನೀರಿನ ಬಾಟಲಿ, ಕೇಬಲ್, ಕ್ಯಾಪೊ (ಕತ್ತಿಗೆ ಹಾಕುವ ಕ್ಲಿಪ್) ಎಲ್ಲ ತುರುಕಿ ಬ್ಯಾಗನ್ನು ಮಗುಚಿ ಮಲಗಿಸಿದರೆ ಅಷ್ಟೂ ಗಂಟು ತಂತಿಗಳನ್ನು ಒತ್ತುತ್ತದೆ. ಕ್ಲಾಸಿಗೆ ಬಂದ ಒಬ್ಬ ಹುಡುಗನ ಗಿಟಾರಿನ ಟಾಪ್ ಮೇಲೆ ಅರ್ಧಚಂದ್ರದ ಹಾಗೆ ಒಂದು ಗುಳಿ ಇತ್ತು. ಹೇಗಾಯಿತು ಅಂತ ಅವನಿಗೇ ಗೊತ್ತಿರಲಿಲ್ಲ. ಪಾಕೆಟ್ಟಿನಿಂದ ಕ್ಯಾಪೊ ತೆಗೆದು ಗುಳಿಯ ಮೇಲೆ ಇಟ್ಟರೆ ಅಚ್ಚು ಹೊಯ್ದಂತೆ ಕೂತಿತು.

ಮುಂದೆ ತೆಳ್ಳನೆಯ ಪುಸ್ತಕ, ಹಾಳೆ. ಗಟ್ಟಿ ಸಾಮಾನು ಕತ್ತಿನ ಬದಿಯ ಚಿಕ್ಕ ಪಾಕೆಟ್ಟಿಗೆ. ನೀರಿನ ಬಾಟಲಿ ಗಿಟಾರ್ ಬ್ಯಾಗಿನಲ್ಲಿ ಬೇಡವೇ ಬೇಡ.

## ಹೊತ್ತು ತಿರುಗುವವರಿಗೆ

ಬೆನ್ನಿಗೆ ಹಾಕ್ಕೊಂಡ್ರೆ ಬಾಗಿಲಿಗೆಲ್ಲ ಹೊಡೆಯುತ್ತೆ. ಏನ್ಮಾಡೋದು?

ಬೆನ್ನಿಗೇರಿಸಿದ ಮೇಲೆ ನಿಮ್ಮ ಎತ್ತರ ಬದಲಾಗುತ್ತದೆ, ಆದರೆ ನಿಮ್ಮ ತಲೆಗೆ ಅದು ಗೊತ್ತಿರುವುದಿಲ್ಲ. ಹೆಡ್‌ಸ್ಟಾಕ್ ನಿಮ್ಮ ತಲೆಯ ಮೇಲೆ ಒಂದು ಗೇಣಾದರೂ ಚಾಚಿರುತ್ತದೆ. ಬಾಗಿಲಲ್ಲಿ ತಲೆ ಬಗ್ಗಿಸಿದರೆ ಸಾಲದು, ಬಗ್ಗಿಸಿದಾಗ ಅದು ಇನ್ನೂ ಮುಂದಕ್ಕೆ ಬರುತ್ತದೆ. ಮೊಣಕಾಲು ಮಡಿಸಿ ಕುಗ್ಗಿ ದಾಟಿ.

ಕೊಳ್ಳುವಾಗ ನೋಡಬೇಕಾದದ್ದು ಪಟ್ಟಿಗಳನ್ನು ಎಲ್ಲಿ ಹೊಲಿದಿದ್ದಾರೆ ಅನ್ನುವುದು. ಮೇಲುಗಡೆ ಹೊಲಿದಿದ್ದರೆ ಗಿಟಾರ್ ಕೆಳಗೆ ಇಳಿಯುತ್ತದೆ, ತಲೆ ಬಚಾವ್, ಆದರೆ ಕುಳ್ಳಗಿರುವವರಿಗೆ ಬುಡ ಕಾಲಿಗೆ ತಾಗುತ್ತದೆ. ಗಿಟಾರ್ ಹಾಕಿಯೇ ಬೆನ್ನಿಗೇರಿಸಿ ನಾಲ್ಕು ಹೆಜ್ಜೆ ನಡೆದು, ಒಂದೆರಡು ಮೆಟ್ಟಿಲು ಹತ್ತಿ ನೋಡಿ. ಖಾಲಿ ಬ್ಯಾಗ್ ಎಲ್ಲರಿಗೂ ಹಿಡಿಸುತ್ತದೆ.

ಬೈಕಿನಲ್ಲಿ ಒಯ್ಯಬಹುದಾ?

ಬ್ಯಾಗಿನ ಬುಡ ಹಿಂದಿನ ಸೀಟಿಗೆ ತಾಗುತ್ತಿದ್ದರೆ ರಸ್ತೆಯ ಪ್ರತಿ ಗುಂಡಿಯೂ ನೇರ ಸ್ಟ್ರಾಪ್ ಪಿನ್ನಿಗೆ. ಪಟ್ಟಿ ಬಿಗಿ ಮಾಡಿ ಬುಡವನ್ನು ಮೇಲಕ್ಕೆತ್ತಿ, ಅಥವಾ ಸೀಟಿನ ಮೇಲೆ ಮಡಚಿದ ಟವೆಲ್ ಹಾಕಿ. ಎದೆಯ ಮುಂದೆ ಕಟ್ಟುವ ಪಟ್ಟಿ ಇಲ್ಲದ ಬ್ಯಾಗ್ ಬೈಕಿಗೆ ಬೇಡ. ಗಾಳಿ ಎಳೆದಾಗ ಬ್ಯಾಗ್ ವಾಲುತ್ತದೆ, ಜೊತೆಗೆ ನೀವೂ.

ವಾಟರ್‌ಪ್ರೂಫ್ ಅಂತ ಬರೆದಿದೆ. ಮಳೇಲಿ ಹೋಗಬಹುದಲ್ವಾ?

ಬಟ್ಟೆಯ ಒಳಬದಿಗೆ ಬಳಿದ ಲೇಪನ ನೀರು ತಡೆಯುತ್ತದೆ, ನಿಜ. ಹೊಲಿಗೆಯ ತೂತು ಮತ್ತು ಜಿಪ್ ತಡೆಯುವುದಿಲ್ಲ. ಹನಿ ಮಳೆಗೆ ಪರವಾಗಿಲ್ಲ. ಜೋರು ಮಳೆಗೆ ಮೇಲೊಂದು ಮಳೆ ಗವಸು ಬೇಕು, ಕೆಲವು ಬ್ಯಾಗುಗಳ ಪಾಕೆಟ್ಟಿನಲ್ಲೇ ಮಡಚಿಟ್ಟಿರುತ್ತಾರೆ. ಒದ್ದೆಯಾದ ಬ್ಯಾಗಿನಿಂದ ಮನೆಗೆ ಬಂದ ತಕ್ಷಣ ಗಿಟಾರ್ ಹೊರಗೆ ತೆಗೆಯಿರಿ. ಬ್ಯಾಗನ್ನು ಪೂರ್ತಿ ಬಿಚ್ಚಿ, ಫ್ಯಾನ್ ಕೆಳಗೆ ಒಂದು ದಿನ ಒಣಗಿಸಿ. ಹೊರಗಿನ ಬಟ್ಟೆ ಬೇಗ ಒಣಗುತ್ತದೆ, ಒಳಗಿನ ಫೋಮ್ ಒಣಗುವುದಿಲ್ಲ. ಬೂಷ್ಟು ಬರುವುದು ಅಲ್ಲಿಂದಲೇ.

ದಪ್ಪ ಬ್ಯಾಗ್ ಇದೆ, ಬಿಸಿಲಲ್ಲಿ ಕಾರಿನೊಳಗೆ ಬಿಟ್ಟು ಹೋಗಬಹುದಾ?

ಬೇಡ. ಬಿಸಿಲಿಗೆ ನಿಲ್ಲಿಸಿದ ಕಾರಿನ ಒಳಗೆ ಅರ್ಧ ಗಂಟೆಯಲ್ಲೇ ಹೊರಗಿಗಿಂತ ಸುಮಾರು 20 ಡಿಗ್ರಿ ಜಾಸ್ತಿ ಬಿಸಿಯಾಗಬಹುದು. ಫೋಮ್ ಬಿಸಿಯನ್ನು ನಿಧಾನ ಮಾಡುತ್ತದೆ, ತಡೆಯುವುದಿಲ್ಲ. ಬಿಸಿಗೆ ಅಂಟು ಮೆತ್ತಗಾಗುತ್ತದೆ, ತಂತಿಗಳು ಎಳೆಯುತ್ತಲೇ ಇರುತ್ತವೆ, ಬ್ರಿಡ್ಜ್ ಮೇಲೇಳುತ್ತದೆ.

ವಿಮಾನದಲ್ಲಿ ಗಿಗ್ ಬ್ಯಾಗ್ (ಇದೇ ಪ್ಯಾಡೆಡ್ ಬ್ಯಾಗ್) ನಡೆಯುತ್ತಾ?

ಕ್ಯಾಬಿನ್ ಒಳಗೆ ಬಿಟ್ಟರೆ ನಡೆಯುತ್ತದೆ. ಕೈಚೀಲದ ಅಳತೆ ಸಾಮಾನ್ಯವಾಗಿ 55 ಸೆಂ.ಮೀ. ಉದ್ದ, ಗಿಟಾರ್ ಒಂದು ಮೀಟರ್. ಕಾಗದದ ಲೆಕ್ಕದಲ್ಲಿ ಹಿಡಿಸುವುದೇ ಇಲ್ಲ, ಆದರೂ ತಲೆಮೇಲಿನ ಗೂಡಿನಲ್ಲಿ ಎಷ್ಟೋ ಸಲ ಹಿಡಿಸುತ್ತದೆ. ನಿಯಮ ದೇಶಕ್ಕೊಂದು, ಕಂಪನಿಗೊಂದು. ಅಮೆರಿಕದ 2012ರ ಕಾನೂನಿನ ಪ್ರಕಾರ, ಹತ್ತುವ ಹೊತ್ತಿಗೆ ಮೇಲೆ ಜಾಗ ಇದ್ದರೆ ಗಿಟಾರನ್ನು ಒಳಗೆ ಒಯ್ಯಲು ಬಿಡಬೇಕು. ಅಂಥ ನಿಯಮ ಎಲ್ಲ ಕಡೆ ಇದೆ ಅಂದುಕೊಳ್ಳಬೇಡಿ. ಟಿಕೆಟ್ ಮಾಡುವ ಮುಂಚೆಯೇ ಕೇಳಿ. ಹತ್ತುವಾಗ ಮುಂದಿರಿ, ಗೂಡು ಖಾಲಿ ಇರುವಾಗಲೇ ಜಾಗ ಹಿಡಿಯಬೇಕು.

ಲಗೇಜಿಗೆ ಹಾಕಲೇಬೇಕು ಅಂದರೆ ಯಾವ ಬ್ಯಾಗೂ ಬೇಡ, ಗಟ್ಟಿ ಕೇಸ್ ತನ್ನಿ.

## ಇನ್ನಷ್ಟು ಒಳಕ್ಕೆ

ಲೆಸ್ ಪಾಲ್ ಇರೋರು ಯಾಕೆ ಬ್ಯಾಗ್ ಬಗ್ಗೆ ಅಷ್ಟು ಹೆದರ್ತಾರೆ?

ಹೆದರಲು ಕಾರಣ ಇದೆ. ಗಿಬ್ಸನ್ ಕಂಪನಿಯ ಲೆಸ್ ಪಾಲ್ ಎಲೆಕ್ಟ್ರಿಕ್ ಗಿಟಾರಿನ ಹೆಡ್‌ಸ್ಟಾಕ್ ಹಿಂದಕ್ಕೆ 17 ಡಿಗ್ರಿ ಬಾಗಿರುತ್ತದೆ. ಬೆನ್ನ ಮೇಲೆ ಮಲಗಿಸಿದರೆ ಹೆಡ್‌ಸ್ಟಾಕಿನ ತುದಿಯೇ ಮೊದಲು ನೆಲಕ್ಕೆ ತಾಗುತ್ತದೆ. ಕತ್ತು ಮಹಾಗನಿ ಮರದ್ದು. ಬಾಗಿರುವ ಜಾಗದಲ್ಲಿ ಮರದ ಎಳೆಗಳು ಉದ್ದಕ್ಕೆ ಸಾಗದೆ ಅಡ್ಡಕ್ಕೆ ತುಂಡಾಗಿರುತ್ತವೆ. ಸಾಲದ್ದಕ್ಕೆ ಟ್ರಸ್ ರಾಡಿನ (ಕತ್ತಿನೊಳಗಿನ ಲೋಹದ ಸರಳು) ನಟ್ಟಿಗಾಗಿ ಅಲ್ಲೇ ಮರ ಕೊರೆದಿರುತ್ತಾರೆ. ಇಡೀ ಗಿಟಾರೂ ಭಾರ, ಸುಮಾರು 4 ಕೆ.ಜಿ. ಫೆಂಡರ್ ಸ್ಟ್ರಾಟೊಕಾಸ್ಟರ್, ಟೆಲಿಕಾಸ್ಟರುಗಳಲ್ಲಿ ಹೆಡ್‌ಸ್ಟಾಕ್ ನೇರವಾಗಿರುತ್ತದೆ, ಮರವೂ ಗಟ್ಟಿ ಮೇಪಲ್. ಅವಕ್ಕೆ ಸಾಧಾರಣ ಬ್ಯಾಗ್ ನಡೆದುಬಿಡುತ್ತದೆ. ಬಾಗಿದ ಹೆಡ್‌ಸ್ಟಾಕ್ ಯಾವುದೇ ಕಂಪನಿಯದಿರಲಿ, ಎತ್ತರದ ಕತ್ತಿನ ದಿಂಬು ಇಲ್ಲದ ಬ್ಯಾಗಿಗೆ ಹಾಕಬೇಡಿ.

ಸೆಮಿ ಹಾಲೋ, ಬೇಸ್, ವಿ ಆಕಾರದ ಗಿಟಾರು, ಇವಕ್ಕೆ?

ಸೆಮಿ ಹಾಲೋ, ಅಂದರೆ ಮೈ ಅರ್ಧ ಟೊಳ್ಳಾದ ಗಿಟಾರ್ ಎಲೆಕ್ಟ್ರಿಕ್ಕೇ ಆದರೂ ಎಲೆಕ್ಟ್ರಿಕ್ ಬ್ಯಾಗಿಗೆ ಹಿಡಿಸುವುದಿಲ್ಲ. ಗಿಬ್ಸನ್ನಿನ ಸೆಮಿ ಹಾಲೋ ಇಎಸ್-335 ಅಗಲ 16 ಇಂಚು, ಅಂದರೆ ಡ್ರೆಡ್‌ನಾಟಿಗಿಂತ ಒಂದು ಚೂರು ಜಾಸ್ತಿಯೇ. ಅಕೌಸ್ಟಿಕ್ ಬ್ಯಾಗಿಗೆ ಹಾಕಿದರೆ ಆಳದಲ್ಲಿ ಈಜಾಡುತ್ತದೆ. ಅದಕ್ಕೇ ಅಂತ ಮಾಡಿದ್ದನ್ನೇ ಹುಡುಕಬೇಕು. ಬೇಸ್ ಗಿಟಾರಿನ ಉದ್ದ 115 ಸೆಂ.ಮೀ. ದಾಟುತ್ತದೆ, ಅದಕ್ಕೆ ಬೇರೆ ಬ್ಯಾಗ್. ವಿ ಆಕಾರದ್ದಕ್ಕೆ ಚೌಕ ಬುಡದ ಬ್ಯಾಗ್ ಸಿಗುತ್ತದೆ, ರೆಕ್ಕೆಗಳ ನಡುವಿನ ಖಾಲಿ ಜಾಗಕ್ಕೆ ಬಟ್ಟೆಯ ಉಂಡೆ ತುಂಬಿ.

ಒಳಗಿನ ಬಟ್ಟೆಯಿಂದ ಗಿಟಾರಿನ ಪಾಲಿಶ್ ಹಾಳಾಗುತ್ತೆ ಅಂತಾರೆ, ಹೌದಾ?

ಈಗಿನ ಹೆಚ್ಚಿನ ಗಿಟಾರುಗಳಿಗೆ ಪಾಲಿಯೂರಿಥೇನ್ ಅಥವಾ ಪಾಲಿಯೆಸ್ಟರ್ ಲೇಪನ. ಅವಕ್ಕೆ ಏನೂ ಆಗುವುದಿಲ್ಲ. ನೈಟ್ರೋಸೆಲ್ಯುಲೋಸ್ ಲೇಪನ ಇರುವ ಗಿಟಾರ್ ಆದರೆ ಹುಷಾರು. ವಿನೈಲ್, ರಬ್ಬರ್, ಕೆಲವು ಫೋಮುಗಳು ತುಂಬಾ ದಿನ ಒತ್ತಿಕೊಂಡಿದ್ದರೆ ಲೇಪನ ಮೆತ್ತಗಾಗಿ ಅಂಟಿಕೊಳ್ಳುತ್ತದೆ, ಕಲೆ ಹೋಗುವುದಿಲ್ಲ. ಕತ್ತಿನ ದಿಂಬಿನ ಮೇಲ್ಮೈ ಏನೆಂದು ನೋಡಿ. ರಬ್ಬರಿನಂತಿದ್ದರೆ ಅದಕ್ಕೂ ಗಿಟಾರಿಗೂ ನಡುವೆ ಒಂದು ಹತ್ತಿ ಬಟ್ಟೆ ಇಡಿ.

ಬ್ಯಾಗಿಗೆ ಹಾಕುವಾಗ ತಂತಿ ಸಡಿಲ ಮಾಡಬೇಕಾ?

ದಿನಾ ಬೇಡ. ಕತ್ತು ಆ ಎಳೆತಕ್ಕೇ ಹೊಂದಿಕೊಂಡಿರುತ್ತದೆ, ಸುಮ್ನೆ ಬಿಗಿ ಸಡಿಲ ಮಾಡುತ್ತಿದ್ದರೆ ಶ್ರುತಿ ನಿಲ್ಲುವುದಿಲ್ಲ. ಬೇರೆಯವರ ಕೈಗೆ ಕೊಟ್ಟು ಕಳಿಸುವಾಗ ಮಾತ್ರ ಒಂದೆರಡು ಸ್ವರ ಇಳಿಸಿ. ಪೂರ್ತಿ ಬಿಚ್ಚಬೇಡಿ.

ಮನೇಲಿ ಯಾವಾಗಲೂ ಬ್ಯಾಗಿನಲ್ಲೇ ಇಟ್ಟರೆ ಗಿಟಾರಿಗೆ ಒಳ್ಳೇದಾ?

ಮರಕ್ಕೆ ಹಿತವಾದ ತೇವ 45ರಿಂದ 55 ಶೇಕಡಾ. ಬ್ಯಾಗಿನ ಬಟ್ಟೆ ಗಾಳಿ ಬಿಡುತ್ತದೆ, ಆದ್ದರಿಂದ ಕೋಣೆಯ ತೇವ ತಡವಾಗಿಯಾದರೂ ಒಳಗೆ ಹೋಗಿಯೇ ಹೋಗುತ್ತದೆ. ಹಾರ್ಡ್ ಕೇಸಿನಷ್ಟು ಹಿಡಿದಿಡುವುದಿಲ್ಲ. ಮಳೆಗಾಲದಲ್ಲಿ ಎರಡು ಸಿಲಿಕಾ ಜೆಲ್ ಪೊಟ್ಟಣ, ಒಣಹವೆಯಲ್ಲಿ ಸೌಂಡ್‌ಹೋಲಿನಲ್ಲಿ ಇಡುವ ತೇವದ ಸಾಧನ, ಇವು ಒಂದಿಷ್ಟು ಸಹಾಯ ಮಾಡುತ್ತವೆ.

ಇನ್ನೊಂದು ಮಾತು. ಬ್ಯಾಗಿನಲ್ಲಿಟ್ಟ ಗಿಟಾರ್ ಕೈಗೆ ಬರುವುದು ಕಡಿಮೆ. ನಾನಂತೂ ಸ್ಟ್ಯಾಂಡ್ ಮೇಲೆ ಇಡುತ್ತೇನೆ, ದೂಳು ಒರೆಸಿಕೊಳ್ಳುತ್ತೇನೆ.

ಆನ್‌ಲೈನಲ್ಲಿ ತರಿಸಿದೆ. ಸರಿ ಇದೆಯಾ ಅಂತ ಹೇಗೆ ಪರೀಕ್ಷೆ ಮಾಡಲಿ?

ಟ್ಯಾಗ್ ಕೀಳುವ ಮುಂಚೆ ಗಿಟಾರ್ ಹಾಕಿ ಜಿಪ್ ಎಳೆಯಿರಿ. ಎರಡು ಬೆರಳಲ್ಲಿ ಎಳೆದರೆ ಬರಬೇಕು, ಮೊಣಕಾಲು ಒತ್ತಿ ಎಳೆಯುವ ಹಾಗಿದ್ದರೆ ವಾಪಸ್. ಹಾಸಿಗೆಯ ಮೇಲೆ ಮಲಗಿಸಿ ಬುಡ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಒಳಗೆ ಬೆರಳಗಲಕ್ಕಿಂತ ಜಾಸ್ತಿ ಜರುಗಿದರೆ ಅಳತೆ ದೊಡ್ಡದಾಯಿತು. ಹಿಡಿಯಿಂದ ಎತ್ತಿದಾಗ ಹೆಡ್‌ಸ್ಟಾಕ್ ಕಡೆ ಕೆಳಗೆ ವಾಲಬಾರದು. ಪಟ್ಟಿಗಳನ್ನು ಹೊಲಿದ ಜಾಗ ನೋಡಿ, ಒಂದೇ ಗೆರೆ ಹೊಲಿಗೆ ಇದ್ದರೆ ನಂಬಬೇಡಿ, ಚೌಕದೊಳಗೆ ಕತ್ತರಿ ಗುರುತು ಹಾಕಿ ಹೊಲಿದಿರಬೇಕು.

ಜಿಪ್ ಬಿಗಿಯಾಗಿದೆ, ಬ್ಯಾಗೂ ವಾಸನೆ ಬರ್ತಿದೆ. ಮಷಿನ್ನಿಗೆ ಹಾಕಲಾ?

ಮಷಿನ್ನಿಗೆ ಹಾಕಿದರೆ ಫೋಮ್ ಮುದುಡಿ, ಒಳಲೇಪನ ಸುಲಿದು, ಬ್ಯಾಗ್ ಮೂಟೆಯಾಗಿ ಹೊರಬರುತ್ತದೆ. ಸೋಪು ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ನೆರಳಲ್ಲಿ ಬಾಯಿ ತೆರೆದು ಒಣಹಾಕಿ. ಜಿಪ್ಪಿನ ಹಲ್ಲುಗಳನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಮೇಲೆ ಮೇಣದಬತ್ತಿ ಸವರಿ ರನ್ನರನ್ನು ಹತ್ತು ಸಲ ಹಿಂದೆ ಮುಂದೆ ಆಡಿಸಿ. ಎಣ್ಣೆ ಹಾಕಬೇಡಿ, ದೂಳು ಅಂಟಿ ಇನ್ನೂ ಬಿಗಿಯಾಗುತ್ತದೆ, ಗಿಟಾರಿಗೂ ಮೆತ್ತುತ್ತದೆ. ರನ್ನರ್ ಹೋಗುತ್ತದೆ, ಆದರೆ ಹಿಂದಿನ ಹಲ್ಲು ಕೂಡುವುದಿಲ್ಲ ಅಂದರೆ ಸವೆದಿರುವುದು ರನ್ನರ್ ಮಾತ್ರ. ಬ್ಯಾಗ್ ರಿಪೇರಿಯವರ ಹತ್ತಿರ ರನ್ನರ್ ಒಂದನ್ನೇ ಬದಲಾಯಿಸಿಕೊಳ್ಳಿ, ಐದು ನಿಮಿಷದ ಕೆಲಸ.